ತಲೆಗೊಂದು ಬಟ್ಟೆ: ರುಮಾಲು, ಟೋಪಿ, ಪೇಟ

ಶಾಲೆಯ ಸುವರ್ಣ ಮಹೋತ್ಸವವೆಂದರೆ ಗುರುಗಳಿಗೆ ಸನ್ಮಾನ ಇದ್ದೇ ಇರುತ್ತದೆ. ಹಾರ ಹಾಕಿ, ಶಾಲು ಹೊದಿಸಿ, ಕೊನೆಗೆ ಮೈಸೂರು ಪೇಟ ತೊಡಿಸಿದಾಗ ಸಭೆಯೆಲ್ಲ ಚಪ್ಪಾಳೆ ತಟ್ಟುತ್ತದೆ. ಫೋಟೋ ತೆಗೆದ ಮೇಲೆ ಪೇಟ ಮತ್ತೆ ಡಬ್ಬಿ ಸೇರುತ್ತದೆ. ನಮ್ಮ ತಾತ, ಮುತ್ತಾತಂದಿರ ಕಾಲದಲ್ಲಿ ಹೀಗಿರಲಿಲ್ಲ. ತಲೆಗೆ ಬಟ್ಟೆ ಸುತ್ತದೆ ಗಂಡಸರು ಹೊಸಿಲು ದಾಟುತ್ತಿದ್ದುದೇ ಅಪರೂಪ. ಆ ಬಟ್ಟೆ ಏಕೆ ಬಂತು, ಏಕೆ ಹೋಯಿತು ಎಂದು ನೋಡಿದರೆ ನಮ್ಮ ಊರುಗಳ ಚರಿತ್ರೆಯೇ ಕಾಣುತ್ತದೆ.

ಮೊದಲ ಕಾರಣ ಬಿಸಿಲು, ಮಳೆ ಮತ್ತು ಹೊರೆ. ನಮ್ಮದು ಮಳೆ ಕಡಿಮೆಯ ಬಯಲುಸೀಮೆ. ರಾಗಿ ಹೊಲದಲ್ಲಿ ನಿಂತವನಿಗೆ ತಲೆಯ ಮೇಲಿನ ಟವೆಲ್ಲೇ ನೆರಳು. ಅದೇ ಟವೆಲ್ಲು ಬೆವರು ಒರೆಸುತ್ತದೆ, ಹಾಸಿದರೆ ಕೂರಲು ಆಗುತ್ತದೆ, ಸಂತೆಯಲ್ಲಿ ಸಾಮಾನಿನ ಗಂಟಾಗುತ್ತದೆ. ಸುರುಳಿ ಸುತ್ತಿದರೆ ಸಿಂಬೆ. ತೆಂಗಿನಕಾಯಿ ಕುಕ್ಕೆ, ನೀರಿನ ಬಿಂದಿಗೆ, ಗೊಬ್ಬರದ ಮಂಕರಿ ಎಲ್ಲವೂ ಸಿಂಬೆಯ ಮೇಲೆಯೇ ಸಾಗಿದವು. ಹೆಂಗಸರಿಗೆ ಸೆರಗೇ ನೆರಳು, ಸಿಂಬೆಯೇ ಆಧಾರ. ಮೈಸೂರು ಅರಸರ ಕಾಲದಲ್ಲಿ ಸುವರ್ಣಮುಖಿಗೆ ಅಡ್ಡಲಾಗಿ ಬೋರನಕಣಿವೆ ಕಟ್ಟೆ ಎದ್ದಾಗ ಇಂದಿನ ಯಂತ್ರಗಳಿರಲಿಲ್ಲ. ಅಂಥ ಕಟ್ಟೆಗಳನ್ನೆಲ್ಲ ಕಟ್ಟಿದ್ದು ಎತ್ತಿನ ಗಾಡಿ ಮತ್ತು ಮನುಷ್ಯರ ತಲೆ.

ಕುರಿ ಕಾಯುವವರಿಗೆ ಕಂಬಳಿ ಕೊಪ್ಪೆ. ಕಂಬಳಿಯ ಒಂದು ಮೂಲೆಯನ್ನು ಮಡಿಸಿ ತಲೆಗೆ ಹಾಕಿಕೊಂಡರೆ ಬೆನ್ನೂ ಮುಚ್ಚುತ್ತದೆ, ಮಳೆಯೂ ಬೇಗ ಒಳಗಿಳಿಯುವುದಿಲ್ಲ. ಚಿಕ್ಕನಾಯಕನಹಳ್ಳಿ ಸೀಮೆ ಕಂಬಳಿಗೆ ಹೆಸರಾದದ್ದು. ಮಳೆ ಹೆಚ್ಚಿರುವ ಕಡೆ ಬೇರೆ ಉಪಾಯ: ಮಲೆನಾಡಿನಲ್ಲಿ ನಾಟಿ ಹಾಕುವವರಿಗೆ ಗೊರಬು, ತುಳುನಾಡಿನಲ್ಲಿ ಅಡಿಕೆ ಹಾಳೆಯ ಮುಟ್ಟಾಳೆ. ಎಲ್ಲಿ ಏನು ಸಿಗುತ್ತದೋ ಅದೇ ಅಲ್ಲಿಯ ಟೋಪಿ.

ಎರಡನೆಯ ಕಾರಣ ಮರ್ಯಾದೆ. ಮುಂದಲೆ ಬೋಳಿಸಿ ಹಿಂದೆ ಜುಟ್ಟು ಬಿಡುತ್ತಿದ್ದ ಕಾಲದಲ್ಲಿ ಬರಿದಲೆಯಲ್ಲಿ ನಾಲ್ಕು ಜನರ ಮುಂದೆ ಹೋಗುವುದು ಲಕ್ಷಣವಾಗಿರಲಿಲ್ಲ. ಯುರೋಪಿನವರು ಗೌರವ ತೋರಿಸಲು ಹ್ಯಾಟು ತೆಗೆಯುತ್ತಾರೆ. ನಮ್ಮವರು ಗೌರವಕ್ಕೆಂದೇ ರುಮಾಲು ಸುತ್ತುತ್ತಿದ್ದರು. ಈ ಎರಡು ಪದ್ಧತಿಗಳು ಒಮ್ಮೆ ಎದುರಾದವು. 1893ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್ ನ್ಯಾಯಾಲಯದಲ್ಲಿ ಯುವ ವಕೀಲ ಗಾಂಧಿಗೆ ಪೇಟ ತೆಗೆಯುವಂತೆ ಮ್ಯಾಜಿಸ್ಟ್ರೇಟರು ಹೇಳಿದರು. ಗಾಂಧಿ ತೆಗೆಯಲಿಲ್ಲ, ನ್ಯಾಯಾಲಯದಿಂದಲೇ ಎದ್ದು ಹೊರನಡೆದರು.

ಆದರೆ ನಮ್ಮಲ್ಲೇ ಎಷ್ಟು ಜನರಿಗೆ ಹಾಗೆ ಎದ್ದು ನಡೆಯುವ ಅವಕಾಶವಿತ್ತು? ಇದನ್ನು ಮುಚ್ಚಿಟ್ಟು ಚರಿತ್ರೆ ಬರೆದರೆ ಅದು ಅರ್ಧ ಚರಿತ್ರೆ. ಮೇಲ್ಜಾತಿಯವರ ಬೀದಿಯಲ್ಲಿ, ಊರ ಯಜಮಾನರ ಎದುರಿನಲ್ಲಿ, ಕೆಳಗಿನವರೆನಿಸಿಕೊಂಡವರು ತಲೆಯ ಬಟ್ಟೆ ಬಿಚ್ಚಿ ಕಂಕುಳಲ್ಲಿಟ್ಟುಕೊಂಡು ನಿಲ್ಲಬೇಕಾದ ಪದ್ಧತಿ ಹಳೇ ಮೈಸೂರಿನ ಹಳ್ಳಿಗಳಲ್ಲಿತ್ತು. ಬಿಸಿಲು ಎಲ್ಲರ ತಲೆಗೂ ಒಂದೇ, ರುಮಾಲಿನ ಹಕ್ಕು ಮಾತ್ರ ಒಂದೇ ಆಗಿರಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಕಾನೂನು ಬಂದರೂ ಕಂಕುಳಿನ ಬಟ್ಟೆ ತಲೆಗೇರಲು ಕಾಲ ಹಿಡಿಯಿತು.

ಈ ತಾರತಮ್ಯಕ್ಕೆ ಸವಾಲು ಹಾಕಿದ ಟೋಪಿಯೂ ಒಂದಿತ್ತು. ರುಮಾಲಿಗೆ ಮೊಳಗಟ್ಟಲೆ ಬಟ್ಟೆ ಬೇಕು; ಗಾಂಧಿ ಟೋಪಿಗೆ ಖಾದಿಯ ಒಂದು ತುಂಡು ಸಾಕು. 1920ರ ಅಸಹಕಾರ ಚಳವಳಿಯ ಹೊತ್ತಿಗೆ ಅದು ದೇಶದ ತುಂಬ ಹರಡಿತು. ಬಡವ, ಬಲ್ಲಿದ, ಯಾವ ಜಾತಿಯವನಾದರೂ ಹಾಕಬಹುದಾದ ಒಂದೇ ಬಗೆಯ ಟೋಪಿ ಅದು. 1923ರಲ್ಲಿ ಡಾ. ನಾ. ಸು. ಹರ್ಡೀಕರ್ ಸ್ಥಾಪಿಸಿದ ಹಿಂದುಸ್ತಾನಿ ಸೇವಾದಳದ ಸ್ವಯಂಸೇವಕರ ತಲೆಯ ಮೇಲೂ ಬಿಳಿ ಟೋಪಿಯೇ. ಆ ಪರಂಪರೆಯ ಭಾರತ ಸೇವಾದಳ ನಮ್ಮ ಕನ್ನಡ ಶಾಲೆಗಳಿಗೆ ಬಂದು, ಎಲ್ಲ ಕೇರಿಯ ಮಕ್ಕಳೂ ಒಂದೇ ಟೋಪಿ ಹಾಕಿಕೊಂಡು ಒಂದೇ ಸಾಲಿನಲ್ಲಿ ನಿಲ್ಲುವಂತಾಯಿತು.

ಮೇಷ್ಟ್ರುಗಳ ತಲೆಯೂ ಬದಲಾಯಿತು. 1918ರಿಂದ 1921ರವರೆಗೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ ಡಾ. ಎಸ್. ರಾಧಾಕೃಷ್ಣನ್, 1912ರಿಂದ 1918ರವರೆಗೆ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯ, ಇಬ್ಬರನ್ನೂ ನಾವು ಪೇಟವಿಲ್ಲದೆ ಊಹಿಸಿಕೊಳ್ಳಲಾರೆವು. ಕಚ್ಚೆಪಂಚೆ, ಮುಚ್ಚು ಕೋಟು, ರುಮಾಲು ಅಂದಿನ ಉಪಾಧ್ಯಾಯರ ವೇಷ. ಜುಟ್ಟು ಹೋಗಿ ಕ್ರಾಪು ಬಂದ ಮೇಲೆ ತಲೆ ಮುಚ್ಚುವ ಅಗತ್ಯ ಕಡಿಮೆಯಾಯಿತು. ಪ್ಯಾಂಟು, ಷರಟು ಬಂದ ಮೇಲೆ ರುಮಾಲು ಗೂಟಕ್ಕೇರಿತು. ಮದುವೆ, ಜಾತ್ರೆ, ಉತ್ಸವಗಳಲ್ಲಿ ಮಾತ್ರ ಉಳಿಯಿತು. ಈಗಿನ ಪೇಟವಾದರೂ ಕಟ್ಟುವುದಲ್ಲ, ಅಂಗಡಿಯಿಂದ ತಂದು ಇಡುವುದು.

ಇಂದು ನಮ್ಮ ದಿನನಿತ್ಯದ ಟೋಪಿಯೆಂದರೆ ಹೆಲ್ಮೆಟ್. ತಿಪಟೂರಿಗೋ ಹುಳಿಯಾರಿಗೋ ಬೈಕಿನಲ್ಲಿ ಹೊರಟ ಹುಡುಗರು ಅದನ್ನು ತಲೆಗೆ ಹಾಕದೆ ಮೊಣಕೈಗೆ ನೇತು ಹಾಕಿಕೊಳ್ಳುತ್ತಾರೆ. ಪೊಲೀಸರಿಗೆ ಟೋಪಿ ಹಾಕಬಹುದು, ರಸ್ತೆಗೆ ಹಾಕಲಾಗದು!

ಹಳ್ಳಿಗಳಲ್ಲಿ ಇನ್ನೂ ಕನ್ನಡಿಯಿಲ್ಲದೆ ನಿಮಿಷದಲ್ಲಿ ರುಮಾಲು ಸುತ್ತಬಲ್ಲ ಅಜ್ಜಂದಿರಿದ್ದಾರೆ. ನಮ್ಮ ವಿದ್ಯಾರ್ಥಿಗಳು ಅವರ ಬಳಿ ಕುಳಿತು ಸುತ್ತುವುದನ್ನು ಕಲಿಯಲಿ. ಅದನ್ನು ಯಾರ ಮುಂದೆ ಬಿಚ್ಚಬೇಕಾಗಿತ್ತು ಎಂಬುದನ್ನೂ ಕೇಳಿ ಬರೆದಿಡಲಿ. ಗುರುಗಳಿಗೆ ನಾವು ತೊಡಿಸುವ ಪೇಟದ ಬೆಲೆ ಆಗ ನಮ್ಮ ಮಕ್ಕಳಿಗೆ ತಿಳಿಯುತ್ತದೆ. ಯಾರ ಮುಂದೆಯೂ ತಲೆಯ ಬಟ್ಟೆ ಬಿಚ್ಚದೆ ಬೆಂಚಿನ ಮೇಲೆ ಒಟ್ಟಿಗೆ ಕೂರುವುದನ್ನು ನಮಗೆ ಕಲಿಸಿದವರು ಅವರೇ ಅಲ್ಲವೇ?