ಎರಡು ಸಂಸ್ಥಾನ, ಒಂದು ನಗರಸಭೆ: ನಮ್ಮ ನೆರೆಯ ರಬಕವಿ-ಬನಹಟ್ಟಿ

ನಮ್ಮ ಸಂಘವು ಇಪ್ಪತ್ತೈದು ವರ್ಷ ಪೂರೈಸಿದ ಈ ಶುಭ ಸಂದರ್ಭದಲ್ಲಿ, ದೂರದ ರಾಜಧಾನಿಗಳ ಚರಿತ್ರೆಗಿಂತ ನೆರೆಯ ಜೋಡಿ ಊರುಗಳ ಚರಿತ್ರೆಯನ್ನು ನೆನೆಯುವುದು ಉಚಿತವೆಂದು ಭಾವಿಸಿದ್ದೇವೆ. ಸಂತಿ, ಸಾಲಿ, ದವಾಖಾನಿ, ಕಚೇರಿ ಅಂತ ಚಿಮ್ಮಡದವರಾದ ನಾವು ರಬಕವಿ-ಬನಹಟ್ಟಿಗೆ ಹೋಗಿಬರುವುದು ಇದ್ದದ್ದೇ. ಆದರೆ ಆ ಎರಡು ಹೆಸರುಗಳ ನಡುವಿನ ಸಣ್ಣ ಗೆರೆಯ ಹಿಂದೆ ಒಂದು ದೊಡ್ಡ ಕಥೆ ಐತಿ. ಅದನ್ನು ಇಂದಿನ ಹುಡುಗರಿಗೆ ಹೇಳುವವರು ಕಡಿಮೆ.

ಮೊದಲು ನೆಲದ ಮಾತು. ನಮ್ಮದು ಎರಡು ಹೊಳೆಗಳ ನಡುವಿನ ಸೀಮೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ. ಘಟಪ್ರಭೆ ಮುಂದೆ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಹೊಳೆ ಎರಡಿದ್ದರೂ ಮಳೆ ಕಡಿಮೆ. ಎರಿಭೂಮಿಯ ಬಿಳಿಜೋಳವೇ ಹಿಂದಿನವರ ಬದುಕು. ಇಂದು ಕಾಣುವ ಕಬ್ಬು, ಅರಿಷಿಣ ನೀರಾವರಿಯ ಕೊಡುಗೆ. ಮಳೆ ಕೈಕೊಟ್ಟ ವರ್ಷವೂ ಕೂಳು ಕೊಟ್ಟದ್ದು ಮಗ್ಗ. ಅದಕ್ಕೇ ಈ ಜೋಡಿ ಊರುಗಳಲ್ಲಿ ಮಗ್ಗದ ಸಪ್ಪಳ ಇಂದಿಗೂ ಕಿವಿಗೆ ಬೀಳುತ್ತದೆ.

ಇನ್ನು ಆಳ್ವಿಕೆಯ ಮಾತು. ಪಟವರ್ಧನ ಮನೆತನದ ಜಹಗೀರು ಪಾಲಾದಾಗ 1801ರಲ್ಲಿ ಸಾಂಗಲಿ, 1811ರಲ್ಲಿ ಜಮಖಂಡಿ ಬೇರೆ ಬೇರೆ ಸಂಸ್ಥಾನಗಳಾದವು. ಅಣ್ಣತಮ್ಮರ ಹೊಲ ಪಾಲಾದಂತೆ ಊರುಗಳೂ ಹಂಚಿಹೋದವು. ರಬಕವಿ ಸಾಂಗಲಿ ಸಂಸ್ಥಾನದ ತೇರದಾಳ ತಾಲೂಕಿಗೆ ಸೇರಿತು. ಕೂಗಳತೆಯ ಬನಹಟ್ಟಿ ಜಮಖಂಡಿಗೆ ಸೇರಿತು. ಇತ್ತ ಮಹಾಲಿಂಗಪುರ ಘೋರ್ಪಡೆಯವರ ಮುಧೋಳ ಸಂಸ್ಥಾನದ್ದು. ಹೀಗೆ ಕೆಲವೇ ಹರದಾರಿಯೊಳಗೆ ಮೂವರು ಅರಸರು! ಒಂದೇ ಮಾತು, ಒಂದೇ ಕಸುಬು, ಒಬ್ಬರಿಗೊಬ್ಬರು ಬೀಗರು. ಆದರೂ ಅರ್ಜಿ ಹಿಡಿದು ಒಬ್ಬರು ಸಾಂಗಲಿಯ ಕಡೆಗೆ, ಇನ್ನೊಬ್ಬರು ಜಮಖಂಡಿಯ ಕಡೆಗೆ ನಡೆಯಬೇಕಿತ್ತು.

ಸಹಕಾರದ ಮಾತಿಗೂ ಇದು ಅಡ್ಡಿಯಾಯಿತು. ಬ್ರಿಟಿಷ್ ಸರಕಾರ 1904ರಲ್ಲಿ ಸಹಕಾರಿ ಕಾಯ್ದೆ ತಂದಿತು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಂಘ ಹುಟ್ಟಿತು. ಆದರೆ ಬ್ರಿಟಿಷರ ಕಾಯ್ದೆ ಸಂಸ್ಥಾನಗಳಿಗೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ಒಂದೇ ನೂಲು ನೇಯುವ ಎರಡು ಊರುಗಳಿಗೆ ಒಂದೇ ಕಾಯ್ದೆ ಇರಲಿಲ್ಲ.

ಈ ಗೋಡೆ ಬಿದ್ದದ್ದು 1948ರ ಮಾರ್ಚ್‌ನಲ್ಲಿ. ಸಾಂಗಲಿ, ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. 1956ರ ನವೆಂಬರ್ 1ರಂದು ವಿಜಾಪುರ ಜಿಲ್ಲೆಯೊಂದಿಗೆ ನಾವು ಕನ್ನಡ ರಾಜ್ಯಕ್ಕೆ ಬಂದೆವು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. 2018ರಲ್ಲಿ ರಬಕವಿ-ಬನಹಟ್ಟಿ ತಾಲೂಕು ಕಾರ್ಯಾರಂಭ ಮಾಡಿತು. ಇಬ್ಬರು ಅರಸರ ಊರುಗಳು ಇಂದು ಒಂದೇ ನಗರಸಭೆ. ರಾಂಪುರ, ಹೊಸೂರುಗಳೂ ಅದರೊಳಗಿವೆ. 2011ರ ಜನಗಣತಿಯ ಪ್ರಕಾರ ಜನಸಂಖ್ಯೆ ಸುಮಾರು 77 ಸಾವಿರ.

ಕೂಡಿದರೆ ಏನಾದೀತು ಎಂಬುದಕ್ಕೆ ನಮ್ಮ ಸೀಮೆಯಲ್ಲೇ ಸಾಕ್ಷಿ ಐತಿ. ಸರಕಾರದ ದಾರಿ ಕಾಯದೆ ಜಮಖಂಡಿ ಭಾಗದ ರೈತರು ಸಿದ್ದು ನ್ಯಾಮಗೌಡರ ನೇತೃತ್ವದಲ್ಲಿ ವಂತಿಗೆ ಕೂಡಿಸಿ, ಮೈಮುರಿದು ದುಡಿದು, 1989ರಲ್ಲಿ ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಅದಕ್ಕೆ ‘ಶ್ರಮಬಿಂದು ಸಾಗರ’ ಎಂದು ಹೆಸರು. ಬೆವರಿನ ಹನಿಗೆ ಇದಕ್ಕಿಂತ ದೊಡ್ಡ ಗೌರವ ಬೇಕೇ?

ಆದರೆ ಎಲ್ಲವೂ ಹಸನಾಗಿದೆ ಎಂದು ಹಿಗ್ಗುವಂತಿಲ್ಲ. 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಬನಹಟ್ಟಿಯ ನೇಕಾರರಿಗೂ ನೂಲು ಕೊಟ್ಟು ಕೂಲಿ ಕೊಟ್ಟಿತು. ಆದರೂ ವಿದ್ಯುತ್ ಮಗ್ಗದ ಮುಂದೆ ಕೈಮಗ್ಗ ಸೋಲುತ್ತಾ ಬಂದಿದೆ. ನೂಲಿನ ದರ ಏರಿದಾಗ, ಸೀರೆ ಮಾರಾಟವಾಗದೆ ಉಳಿದಾಗ ನೇಕಾರ ಸಾಲಕ್ಕೆ ಬೀಳುತ್ತಾನೆ. ಹೊಲದಲ್ಲೂ ಹಾಗೇ. ನೀರು ಬಂತು ಅಂತ ವರ್ಷಗಟ್ಟಲೆ ಬರೀ ಕಬ್ಬಿಗೆ ನೀರು ಹರಿಸಿದ ಕಡೆ ನೆಲ ಸವಳಾಗುತ್ತಿದೆ. 2019ರ ಆಗಸ್ಟ್‌ನಲ್ಲಿ ಎರಡೂ ಹೊಳೆಗಳು ಉಕ್ಕಿ ಬಂದದ್ದನ್ನು ನಾವಾರೂ ಮರೆತಿಲ್ಲ.

ಹಾಸು ಎಷ್ಟೇ ಗಟ್ಟಿಯಿದ್ದರೂ ಹೊಕ್ಕು ಇಲ್ಲದೆ ಅರಿವೆಯಾಗದು. ಅರಸರು ಎಳೆದ ಗೆರೆ ಅಳಿಸಿಹೋಯಿತು. ಜಾತಿ, ಓಣಿ, ಪಕ್ಷ ಎಂದು ನಾವೇ ಎಳೆದುಕೊಳ್ಳುವ ಗೆರೆಗಳನ್ನು ಅಳಿಸುವವರು ನಾವೇ ಆಗಬೇಕು. ಪಡೆದ ಸಾಲವನ್ನು ಹೊತ್ತಿಗೆ ಸರಿಯಾಗಿ ಕಟ್ಟಿ, ಆ ಹಣ ಮತ್ತೊಬ್ಬ ಸದಸ್ಯನ ಕಷ್ಟಕ್ಕೆ ಒದಗುವಂತೆ ಮಾಡೋಣ. ಬೆಳ್ಳಿ ಹಬ್ಬದ ಈ ದಿನ ನಮ್ಮ ಸಂಘಕ್ಕೆ ನಾವು ಕೊಡಬಹುದಾದ ಕಾಣಿಕೆ ಅದೇ.