ದಿ ಬನ್ಯನ್ ಡಿಯರ್

ಮುಂಬಯಿಯ ಫಿಲ್ಮ್ಸ್ ಡಿವಿಷನ್ 1957ರಲ್ಲಿ ತಯಾರಿಸಿದ ಅನಿಮೇಷನ್ ಕಿರುಚಿತ್ರ. ಕಥೆ ನಡೆಯುವುದು ವಾರಾಣಸಿಯಲ್ಲಿ. ಮೂಲ, ಪಾಲಿ ಜಾತಕಗಳಲ್ಲಿ 12ನೆಯದಾದ ನಿಗ್ರೋಧಮಿಗ ಜಾತಕ. ನಿಗ್ರೋಧವೆಂದರೆ ಆಲ. ಹೆಸರು ನೋಡಿ ಆಲದ ಮರದಡಿಯ ಜಿಂಕೆ ಎಂದುಕೊಳ್ಳುವವರುಂಟು. ಇಲ್ಲಿ ಒಂದು ಹಿಂಡಿನ ಒಡೆಯನಾದ ಜಿಂಕೆಯ ಹೆಸರೇ ಆಲ. ಇನ್ನೊಂದು ಹಿಂಡಿನ ಒಡೆಯ ಸಾಖ, ಎಂದರೆ ಕೊಂಬೆ.

ಕಾಶಿಯ ರಾಜ, ಹೊಂಬಣ್ಣದ ಜಿಂಕೆ ಎಂದೊಡನೆ ಬೇರೆ ಕಥೆಗಳೂ ಇದರೊಳಗೆ ಕಲೆಸಿಹೋಗುತ್ತವೆ. ಹೊಳೆಯಲ್ಲಿ ಮುಳುಗುತ್ತಿದ್ದವನನ್ನು ದಡ ಸೇರಿಸಿ, ಕೊನೆಗೆ ಅವನಿಂದಲೇ ಮೋಸಹೋಗುವ ಜಿಂಕೆ ರುರು ಜಾತಕದ್ದು. ಅಲ್ಲಿನ ರಾಜನೂ ವಾರಾಣಸಿಯವನೇ ಆದ್ದರಿಂದ ಗೊಂದಲ ಸಹಜ. ರಾಮಾಯಣದ ಮಾರೀಚನ ಮಾತು ಬೇರೆ, ಅದು ಜಿಂಕೆಯೇ ಅಲ್ಲ.

ನಿಗ್ರೋಧಮಿಗ ಜಾತಕದ ರಾಜ ಬ್ರಹ್ಮದತ್ತನಿಗೆ ದಿನವೂ ಬೇಟೆ, ದಿನವೂ ಬಾಡು. ಕೆಲಸ ಬಿಟ್ಟು ಅವನ ಹಿಂದೆ ಅಲೆದು ಬೇಸತ್ತ ಪ್ರಜೆಗಳು ಅರಮನೆಯ ವನದಲ್ಲಿ ಮೇವು, ನೀರು ಸಿದ್ಧಮಾಡಿ, ಕಾಡಿನ ಜಿಂಕೆಗಳನ್ನೆಲ್ಲ ಅಟ್ಟಿಕೊಂಡು ಬಂದು ಒಳಗೆ ಕೂಡಿ ಬಾಗಿಲು ಹಾಕುತ್ತಾರೆ. ಬಾಣ ಕಂಡು ದಿಕ್ಕೆಟ್ಟು ಓಡಿ ಹತ್ತಾರು ಜಿಂಕೆಗಳು ಗಾಯಗೊಳ್ಳುವುದಕ್ಕಿಂತ ದಿನಕ್ಕೊಂದರಂತೆ ಸರದಿ ಲೇಸೆಂದು ಎರಡು ಹಿಂಡುಗಳೂ ಒಪ್ಪುತ್ತವೆ. ಒಂದು ದಿನ ಸರದಿ ಸಾಖನ ಹಿಂಡಿನ ಬಸುರಿ ಜಿಂಕೆಯೊಂದಕ್ಕೆ ಬರುತ್ತದೆ. ಅದು ಬೇಡಿಕೊಂಡರೂ ಸಾಖ ಕರಗುವುದಿಲ್ಲ. ಅಡುಗೆಯವನು ಬಂದು ನೋಡಿದರೆ ಕೊರಡಿನ ಮೇಲೆ ಕೊರಳಿಟ್ಟು ಮಲಗಿರುವುದು ರಾಜನೇ ಅಭಯ ಕೊಟ್ಟಿದ್ದ ಆಲ. ಬೆರಗಾದ ರಾಜ ಆಲಕ್ಕೂ ಬಸುರಿ ಜಿಂಕೆಗೂ ಪ್ರಾಣಭಿಕ್ಷೆ ಕೊಡುತ್ತಾನೆ. ಆಲ ಅಷ್ಟಕ್ಕೇ ಬಿಡದೆ ಉಳಿದ ಜಿಂಕೆಗಳಿಗೆ, ನಾಲ್ಕು ಕಾಲಿನವಕ್ಕೆ, ಹಕ್ಕಿಗಳಿಗೆ, ಮೀನುಗಳಿಗೆ ಎಂದು ಒಂದೊಂದಾಗಿ ಕೇಳುತ್ತಾ ಹೋಗುತ್ತದೆ. ಮಕ್ಕಳ ಸಂಗ್ರಹಗಳು ಹಲವೊಮ್ಮೆ ಇಲ್ಲಿಗೇ ನಿಲ್ಲುತ್ತವೆ. ಮೂಲದಲ್ಲಿ ಇನ್ನೂ ಇದೆ: ಭಯವಿಲ್ಲದ ಜಿಂಕೆಗಳು ಬೆಳೆಗೆ ಬಾಯಿ ಹಾಕಿ ರೈತರು ದೂರು ತಂದಾಗ ರಾಜ ಕೊಟ್ಟ ಮಾತಿಗೆ ಕಟ್ಟುಬೀಳುತ್ತಾನೆ, ಆಲವೇ ತನ್ನವರನ್ನು ತಡೆದು, ಹೊಲಗಳಿಗೆ ಬೇಲಿ ಬೇಡ, ಎಲೆಯ ಗುರುತು ಕಟ್ಟಿದರೆ ಸಾಕು ಎಂದು ಹೇಳಿಕಳುಹಿಸುತ್ತದೆ.

ಬುದ್ಧ ಮೊದಲ ಬೋಧನೆ ಮಾಡಿದ ಸಾರನಾಥದ ಮೃಗದಾವಕ್ಕೆ ಈ ಕಥೆಯನ್ನು ಹೊಂದಿಸುವುದು ಹಳೆಯ ರೂಢಿ. 7ನೇ ಶತಮಾನದಲ್ಲಿ ಅಲ್ಲಿಗೆ ಬಂದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಇದನ್ನು ಬರೆದಿಟ್ಟಿದ್ದಾನೆ. ಸಾರನಾಥ ಎಂಬ ಹೆಸರನ್ನೂ ಜಿಂಕೆಗಳ ಒಡೆಯ 'ಸಾರಂಗನಾಥ'ನಿಂದ ಬಂದದ್ದೆಂದು ವಿವರಿಸುತ್ತಾರೆ.

ಚಿತ್ರ ಹುಟ್ಟಿದ ಬಗೆ ಹೀಗೆ: 1956ರಲ್ಲಿ ಅಮೆರಿಕದ ತಾಂತ್ರಿಕ ನೆರವಿನಡಿ ಡಿಸ್ನಿಯ ಕಲಾವಿದ ಕ್ಲೇರ್ ವೀಕ್ಸ್ ಫಿಲ್ಮ್ಸ್ ಡಿವಿಷನ್ನಿನ ಕಾರ್ಟೂನ್ ಘಟಕಕ್ಕೆ ತರಬೇತಿ ಕೊಡಲು ಬಂದರು. ಮಿಷನರಿಗಳ ಮಗನಾಗಿ ಹುಟ್ಟಿದ್ದು ಭಾರತದಲ್ಲೇ. ಜಿಂಕೆಮರಿಯ ಕಥೆಯಾದ 1942ರ 'ಬಾಂಬಿ'ಯಲ್ಲಿ ಕೆಲಸ ಮಾಡಿದ್ದವರು. ಇಲ್ಲಿಗೆ ಬಂದ ಮೇಲೂ ಅವರ ಪಾಲಿಗೆ ಬಂದದ್ದು ಜಿಂಕೆಯೇ. ಆಗ ಎಲ್ಲವೂ ಕೈಯಲ್ಲೇ ಬರೆದ ಚಿತ್ರ. ಸೆಕೆಂಡಿಗೆ 24 ಚೌಕಟ್ಟು ಓಡುವ ರೀಲಿನಲ್ಲಿ ಒಂದು ಚಿತ್ರವನ್ನು ಎರಡು ಚೌಕಟ್ಟಿಗೆ ಹಿಡಿದರೂ ನಿಮಿಷಕ್ಕೆ 720 ಚಿತ್ರ ಬೇಕು. ಕಲಿಯುವವರ ಮೊದಲ ಪಾಠಕ್ಕೆ ನಾಲ್ಕು ಕಾಲಿನ ಪ್ರಾಣಿಗಳ ಹಿಂಡನ್ನೇ ಆರಿಸಿಕೊಂಡದ್ದು ಧೈರ್ಯವೇ.

'ಭಾರತದ ಮೊದಲ ಅನಿಮೇಷನ್ ಚಿತ್ರ' ಎಂಬ ಬಿರುದನ್ನು ಇದಕ್ಕೆ ಕೊಡುವುದು ಸರಿಯಲ್ಲ. ದಾದಾಸಾಹೇಬ್ ಫಾಲ್ಕೆ 1915ರಲ್ಲೇ ಬೆಂಕಿಕಡ್ಡಿಗಳನ್ನು ಕುಣಿಸಿದ್ದರು. ಕಲ್ಕತ್ತೆಯ ನ್ಯೂ ಥಿಯೇಟರ್ಸ್ 1934ರಲ್ಲಿ 'ದಿ ಪೀ ಬ್ರದರ್ಸ್' ತೋರಿಸಿತ್ತು. ಸರ್ಕಾರಿ ಘಟಕದ ಮೊದಲ ಫಲ ಎಂದರೆ ತಕರಾರಿಲ್ಲ.

ಅದೇ ಘಟಕದಲ್ಲಿ ಪಳಗಿದ ರಾಮ್ ಮೋಹನ್ ಮುಂದೆ ಯೂಗೋ ಸಾಕೋ, ಕೊಯಿಚಿ ಸಾಸಾಕಿ ಅವರೊಡನೆ 'ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ' ನಿರ್ದೇಶಿಸಿದರು. ಅದರ ವರ್ಷವನ್ನು ಕೆಲವರು 1992, ಕೆಲವರು 1993 ಎನ್ನುತ್ತಾರೆ. ವಿದೇಶಿಯೊಬ್ಬ ರಾಮಾಯಣ ಮಾಡುವುದಕ್ಕೆ ಬಂದ ಪ್ರತಿಭಟನೆಯಿಂದ ಕೆಲಸ ಜಪಾನಿನಲ್ಲಿ ನಡೆಯಿತು. ಚಿತ್ರಮಂದಿರಕ್ಕಿಂತ ಟಿವಿಯಲ್ಲಿ ನೋಡಿ ಮೆಚ್ಚಿದವರೇ ಹೆಚ್ಚು. ಅವರಿಗಾಗಿಯೇ ಎಂಬಂತೆ 2025ರ ಜನವರಿಯಲ್ಲಿ ಮತ್ತೆ ಬಿಡುಗಡೆಯಾಯಿತು.

'ಬನ್ಯನ್ ಡಿಯರ್'ನಂಥ ಚಿತ್ರಗಳನ್ನು ಯಾರೂ ಟಿಕೆಟ್ ಕೊಂಡು ಹುಡುಕಿ ಹೋಗುತ್ತಿರಲಿಲ್ಲ. ಫಿಲ್ಮ್ಸ್ ಡಿವಿಷನ್ ಚಿತ್ರಗಳನ್ನು ದೊಡ್ಡ ಸಿನಿಮಾಕ್ಕೆ ಮೊದಲು ಕಡ್ಡಾಯವಾಗಿ ತೋರಿಸಬೇಕಿತ್ತು. ಹಾಗೆ ಕಣ್ಣಿಗೆ ಬಿದ್ದದ್ದೂ ಮನಸ್ಸಿನಲ್ಲಿ ಉಳಿದರೆ ಅದಕ್ಕೆ ಕಾರಣ ಕಥೆ ಮೊದಲೇ ಮನೆಯದಾಗಿರುವುದು. ಗೋವಿನ ಹಾಡು ಕೇಳಿ ಬೆಳೆದ ಕನ್ನಡಿಗರಿಗೆ ಕೊರಡಿನ ಮೇಲಿನ ಆಲ ಅಪರಿಚಿತವಲ್ಲ. ಅಲ್ಲಿಯೂ ತಾನಾಗಿ ಬಂದು ನಿಂತ ಪ್ರಾಣಿಯೇ ಕೊಲ್ಲುವವನ ಕೈ ಕಟ್ಟುತ್ತದೆ. ನಾಟಕದಲ್ಲಿ ಜಿಂಕೆಯ ಮುಖವಾಡ ತೊಟ್ಟವನು ಮನುಷ್ಯನಾಗಿಯೇ ಕಾಣುತ್ತಾನೆ. ಅನಿಮೇಷನ್ನಿನಲ್ಲಿ ಪ್ರಾಣಿ ಪ್ರಾಣಿಯಾಗಿದ್ದೇ ಮಾತಾಡುತ್ತದೆ. ಆ ಹಾಡಿನ ಹಸು ಪುಣ್ಯಕೋಟಿಯ ಕಥೆಯೂ ವಿ. ರವಿಶಂಕರ್ ನಿರ್ದೇಶನದಲ್ಲಿ, ಇಳಯರಾಜರ ಸಂಗೀತದೊಡನೆ, ಸಂಸ್ಕೃತ ಅನಿಮೇಷನ್ ಚಿತ್ರವಾಗಿ 2020ರಲ್ಲಿ ಬಂತು. ಎರಡು ಕಥೆಗಳೂ ಕೊನೆಯಲ್ಲಿ ಬೇರೆಯಾಗುತ್ತವೆ: ಗೋವಿನ ಹಾಡಿನ ಹುಲಿ ನೆಗೆದು ಪ್ರಾಣ ಬಿಡುತ್ತದೆ, ಕಾಶಿಯ ರಾಜ ಅಭಯ ಕೊಟ್ಟು ಬದುಕಿಕೊಳ್ಳುತ್ತಾನೆ.