ಮಣ್ಣಿನ ಮನೆಯ ಪಾಠಶಾಲೆ

ಮನೆ ಕಟ್ಟುವ ವಿದ್ಯೆಯು ಗ್ರಂಥದಲ್ಲಿದೆಯೋ ಕೈಯಲ್ಲಿದೆಯೋ ಎಂಬುದು ಹಳೆಯ ಪ್ರಶ್ನೆ. ನಮ್ಮ ದೇಶದಲ್ಲಿ ವಾಸ್ತುಶಾಸ್ತ್ರದ ಗ್ರಂಥಗಳಿಗೆ ಕೊರತೆಯಿಲ್ಲ. ಆದರೆ ಹಳ್ಳಿಹಳ್ಳಿಗಳಲ್ಲಿ ಮಣ್ಣಿನ ಗೋಡೆಗಳನ್ನೆಬ್ಬಿಸಿದ ಜನರು ಆ ಗ್ರಂಥಗಳನ್ನು ಓದಿದವರಲ್ಲ. ಮಗನು ತಂದೆಯ ಜೊತೆಯಲ್ಲಿ ಕೆಸರು ತುಳಿದನು. ಎಷ್ಟು ನೀರು, ಎಷ್ಟು ಹುಲ್ಲು ಎಂಬುದು ಅವನ ಕಾಲಿಗೂ ಕೈಗೂ ತಿಳಿಯಿತು. ಅಷ್ಟೇ ಅವನ ವಿದ್ಯಾಭ್ಯಾಸ. ಇಂತಹ ವಿದ್ಯೆಗೆ ಒಂದು ದೊಡ್ಡ ಅಪಾಯವುಂಟು. ಓದುವವರಿಲ್ಲದಿದ್ದರೂ ಗ್ರಂಥವು ಭಂಡಾರದಲ್ಲಿ ನೂರು ವರ್ಷ ಮಲಗಿದ್ದು ಮತ್ತೆ ಏಳಬಲ್ಲದು. ಕೈಯ ವಿದ್ಯೆಯಾದರೋ ಒಂದು ತಲೆಮಾರು ಸುಮ್ಮನಿದ್ದರೆ ತೀರಿಹೋಗುವುದು. ಹೀಗಿರಲು ಇದನ್ನು ಶಾಲೆಯಲ್ಲಿಟ್ಟು ಕಲಿಸಬಹುದೇ? ಇನ್ನೂರು ವರ್ಷಗಳಿಗೂ ಹಿಂದೆ ಯುರೋಪು ಖಂಡದಲ್ಲಿ ಈ ಪ್ರಶ್ನೆಯನ್ನು ಕೇಳಿಕೊಂಡು, ಉತ್ತರವನ್ನು ಕಾರ್ಯರೂಪದಲ್ಲಿ ತೋರಿಸಹೊರಟ ಇಬ್ಬರು ಪುರುಷರ ವೃತ್ತಾಂತವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲನೆಯವನು ಫ್ರಾನ್ಸ್ ದೇಶದ ಲಿಯೋನ್ ಪಟ್ಟಣದ ಫ್ರಾನ್ಸ್ವಾ ಕ್ವಾಂತರೋ. ಹುಟ್ಟಿದುದು 1740ರಲ್ಲಿ. ಆ ಸೀಮೆಯ ರೈತರು ಮಣ್ಣನ್ನು ದಮ್ಮಸು ಮಾಡಿ ಗೋಡೆ ಕಟ್ಟುವುದು ಬಹುಕಾಲದಿಂದ ನಡೆದುಬಂದಿದ್ದಿತು. ಕ್ರಮವು ಸರಳವಾದುದು. ಎರಡು ಹಲಗೆಗಳನ್ನು ಎದುರುಬದುರಾಗಿ ನಿಲ್ಲಿಸಿ, ನಡುವೆ ತುಸು ತೇವವಿರುವ ಮಣ್ಣನ್ನು ತೆಳುವಾಗಿ ಹರಡಿ, ಮರದ ಕೊರಡಿನಿಂದ ಕುಟ್ಟುವರು. ಕುಟ್ಟಿದ ಪದರದ ಮೇಲೆ ಮತ್ತೊಂದು ಪದರ. ಹಲಗೆಯ ಎತ್ತರ ತುಂಬಿದ ಮೇಲೆ ಅದನ್ನು ಕಳಚಿ ಮುಂದಕ್ಕೆ ಸರಿಸುವರು. ಇಂತಹ ಗೋಡೆಗಳು ಸ್ಪೇನ್ ದೇಶದಲ್ಲಿಯೂ ಆಫ್ರಿಕದಲ್ಲಿಯೂ ಉಂಟೆಂದು ಒಂದನೆಯ ಶತಮಾನದ ರೋಮನ್ ಗ್ರಂಥಕಾರನಾದ ಪ್ಲಿನಿಯು ಬರೆದಿರುವನು. ಆದುದರಿಂದ ಕ್ವಾಂತರೋ ಹೊಸದನ್ನು ಕಂಡುಹಿಡಿದನೆನ್ನಲಾಗದು. ರೈತರ ಕೈಯಲ್ಲಿದ್ದುದನ್ನು ಕಲಿಸತಕ್ಕ ವಿದ್ಯೆಯೆಂದು ಎತ್ತಿ ಹಿಡಿದುದೇ ಅವನ ಹಿರಿಮೆ. ಬೆಂಕಿಗೆ ಅಂಜದ ಹಳ್ಳಿಯ ಮನೆಯನ್ನು ಹೇಗೆ ಕಟ್ಟಬೇಕೆಂದು ಅಮಿಯಾಂ ಪಟ್ಟಣದ ವಿದ್ವತ್ಸಭೆಯು ಏರ್ಪಡಿಸಿದ ಸ್ಪರ್ಧೆಯಲ್ಲಿ ಅವನಿಗೆ 1787ರಲ್ಲಿ ಬಹುಮಾನ ಬಂದಿತು. 1790 ಮತ್ತು 1791ರಲ್ಲಿ ಪ್ಯಾರಿಸಿನಿಂದ ಅವನು ಪ್ರಕಟಿಸಿದ ಪುಸ್ತಿಕೆಗಳ ಹೆಸರು ‘ಗ್ರಾಮೀಣ ವಾಸ್ತುವಿದ್ಯೆಯ ಶಾಲೆ’ ಎಂದು. ಪುಸ್ತಕಕ್ಕೇ ಶಾಲೆಯೆಂದು ಹೆಸರಿಟ್ಟುದು ಗಮನಾರ್ಹವಾಗಿದೆ. ಅದು ಇಂಗ್ಲಿಷ್, ಜರ್ಮನ್ ಮೊದಲಾದ ಭಾಷೆಗಳಿಗೆ ಬಂದು ನಾನಾ ದೇಶಗಳಲ್ಲಿ ಹರಡಿತು.

ಆದರೆ ಪುಸ್ತಕವು ಎಷ್ಟೆಂದು ಕಲಿಸೀತು? ಮಣ್ಣಿನ ತೇವವನ್ನೇ ನೋಡಿರಿ. ಒಂದು ಹಿಡಿ ಮಣ್ಣನ್ನು ಉಂಡೆಮಾಡಿ ಎದೆಯೆತ್ತರದಿಂದ ನೆಲಕ್ಕೆ ಬಿಟ್ಟರೆ ಅದು ಕೆಲವು ತುಂಡುಗಳಾಗಿ ಒಡೆಯಬೇಕು. ಪುಡಿಪುಡಿಯಾದರೆ ನೀರು ಸಾಲದು. ಒಡೆಯದೆ ಚಪ್ಪಟೆಯಾದರೆ ನೀರು ಹೆಚ್ಚು. ದಮ್ಮಸು ಸಾಕಾಯಿತೆಂಬುದನ್ನು ಹೇಳುವುದು ಕೊರಡಿನ ಸದ್ದು: ಮೊದಮೊದಲು ಮಂಕಾಗಿದ್ದ ಸದ್ದು ಮಣ್ಣು ಬಿಗಿದಂತೆ ಕಲ್ಲನ್ನು ಕುಟ್ಟಿದಂತೆ ಕೇಳುವುದು. ಈ ಸದ್ದನ್ನು ಯಾವ ಅಕ್ಷರದಲ್ಲಿ ಬರೆಯೋಣ?

ಈ ಕೊರತೆಯನ್ನು ತುಂಬಹೊರಟವನು ಎರಡನೆಯವನು, ರಷ್ಯಾ ದೇಶದ ನಿಕೊಲಾಯ್ ಲ್ವೋವ್. ಇವನು ಕವಿ, ಜನಪದ ಗೀತೆಗಳ ಸಂಗ್ರಾಹಕ, ಶಿಲ್ಪಿ. ವಾಸ್ತುವಿದ್ಯೆಯನ್ನು ಯಾವ ಶಾಲೆಯಲ್ಲಿಯೂ ಕ್ರಮವಾಗಿ ಓದಿದವನಲ್ಲ. ಸ್ವಂತ ಪ್ರಯತ್ನದಿಂದ ಕಲಿತವನೇ ಮುಂದೆ ಇತರರಿಗಾಗಿ ಶಾಲೆಯನ್ನು ತೆರೆದನೆಂಬುದು ಒಂದು ಸ್ವಾರಸ್ಯ. ರಷ್ಯಾದ ರೈತನ ಮನೆಯೆಂದರೆ ಮರದ ದಿಮ್ಮಿಗಳ ಮನೆ. ಒಂದು ಮನೆಗೆ ಕಿಡಿ ತಗುಲಿದರೆ ಊರೇ ಉರಿದುಹೋಗುತ್ತಿದ್ದಿತು. ಉರಿದ ಊರನ್ನು ಮತ್ತೆ ಕಟ್ಟಲು ಕಾಡು ಬೀಳುತ್ತಿದ್ದಿತು. ಕಾಡನ್ನುಳಿಸುವ ಚಿಂತೆ ಲ್ವೋವನನ್ನು ಬಹುಕಾಲದಿಂದ ಹಿಡಿದಿದ್ದಿತು. ಸೌದೆಯ ಬದಲು ಕಲ್ಲಿದ್ದಲನ್ನು ಉರಿಸಬಹುದೆಂದು ಅದನ್ನು ಹುಡುಕುತ್ತ ಅಲೆದವನೂ ಅವನೇ. ಮಣ್ಣಿನ ಗೋಡೆಗೆ ಬೆಂಕಿಯ ಭಯವಿಲ್ಲ, ಕಾಡಿನ ಹಂಗಿಲ್ಲ, ದೂರದಿಂದ ಸಾಗಿಸುವ ವೆಚ್ಚವಿಲ್ಲ.

ಪಾವೆಲ್ ಚಕ್ರವರ್ತಿಯು 1797ರ ಆಗಸ್ಟ್ 21ರಂದು ಒಂದು ಶಾಸನವನ್ನು ಹೊರಡಿಸಿ, ಲ್ವೋವನ ಸ್ವಂತ ಊರಾದ, ತೊರ್ಜೋಕ್ ಪಟ್ಟಣದ ಸಮೀಪದ ನಿಕೋಲ್ಸ್ಕೊಯೆಯಲ್ಲಿ ಮಣ್ಣಿನ ಕಟ್ಟಡದ ಶಾಲೆಯನ್ನು ಸ್ಥಾಪಿಸಿದನು. ಪ್ರಾಂತಪ್ರಾಂತಗಳಿಂದ ರೈತರನ್ನು ಕರೆಸಿ, ಕಲಿಸಿ, ಊರಿಗೆ ಹಿಂದಿರುಗಿಸುವುದೆಂದು ಏರ್ಪಾಡಾಯಿತು. ಮುಂದೆ ಮಾಸ್ಕೋ ನಗರದ ಬಳಿಯಲ್ಲಿಯೂ ಪಾಠ ನಡೆಯಿತು. ಇಲ್ಲಿ ಕಟ್ಟುವುದೇ ಪಾಠ. ಎದ್ದ ಗೋಡೆಯೇ ಪರೀಕ್ಷೆಯ ಫಲಿತಾಂಶ.

ಈ ವಿದ್ಯೆಯಲ್ಲಿ ನಂಬಿಕೆಯಿಲ್ಲದವರು ರಾಜಧಾನಿಯಲ್ಲಿ ಇದ್ದೇ ಇದ್ದರು. ಅವರಿಗೆ ಉತ್ತರವೋ ಎಂಬಂತೆ ಲ್ವೋವನು 1798 ಮತ್ತು 1799ರಲ್ಲಿ ಗಾಚಿನಾ ಎಂಬಲ್ಲಿ, ಕಪ್ಪುಕೆರೆಯ ದಂಡೆಯ ಮೇಲೆ ‘ಪ್ರಯೊರಿ’ ಎಂಬ ಅರಮನೆಯನ್ನು ಕಟ್ಟಿದನು. ಗೋಪುರವೂ ತಳಪಾಯವೂ ಕಲ್ಲಿನವು; ಮಿಕ್ಕ ಗೋಡೆಗಳು ದಮ್ಮಸು ಮಾಡಿದ ಮಣ್ಣಿನವು. ಚಳಿಗಾಲದಲ್ಲಿ ಎಲ್ಲವೂ ಹೆಪ್ಪುಗಟ್ಟಿ ವಸಂತದಲ್ಲಿ ಕರಗಿ ಹರಿಯುವ ಆ ದೇಶದಲ್ಲಿ, ನೀರಿನ ದಂಡೆಯಲ್ಲಿ, ಮಣ್ಣಿನ ಅರಮನೆ! ಎರಡನೆಯ ಮಹಾಯುದ್ಧದಲ್ಲಿ ಗಾಚಿನಾ ಪಟ್ಟಣವು ಬಹಳವಾಗಿ ನೊಂದಿತು. ಆದರೂ ಪ್ರಯೊರಿಯ ಗೋಡೆಗಳು ಬೀಳಲಿಲ್ಲ. ಈಗ ಅದು ವಸ್ತುಸಂಗ್ರಹಾಲಯವಾಗಿದೆ.

ಗೋಡೆಯು ನಿಂತಿತು, ಶಾಲೆಯು ನಿಲ್ಲಲಿಲ್ಲ. ಪಾವೆಲನು 1801ರಲ್ಲಿ ಕೊಲೆಯಾದನು. 1803ರಲ್ಲಿ ಶಾಲೆಯು ಮುಚ್ಚಿತು. ಆ ವರ್ಷದ ಕೊನೆಯಲ್ಲಿಯೇ ಲ್ವೋವನೂ ತೀರಿಕೊಂಡನು. ಕಲಿತ ರೈತರು ಊರಿಗೆ ಹೋದರು. ರಷ್ಯಾದ ಹಳ್ಳಿಗಳು ಮಾತ್ರ ಮರದ ಮನೆಗಳಲ್ಲಿಯೇ ಉಳಿದವು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ದೊರೆಯ ಅಪ್ಪಣೆಯಿಂದ ಕಲಿಯಬಂದವನಿಗೆ ಅಪ್ಪಣೆ ನಿಂತಮೇಲೆ ಆ ವಿದ್ಯೆಯನ್ನು ಕೇಳುವವರು ಯಾರು? ಕಾಡು ಕಣ್ಣೆದುರಿಗಿರುವವರೆಗೆ ನೆರೆಯವನು ಮಣ್ಣನ್ನು ನಂಬಲಾರನು. ವಿದ್ಯೆಯನ್ನು ಕಲಿಸಿದರೆ ಸಾಲದು, ಅದನ್ನು ಬಯಸುವ ಊರೂ ಬೇಕು ಎಂಬುದೇ ಇದರಿಂದ ನಾವು ತಿಳಿಯತಕ್ಕ ನೀತಿ.

ಇನ್ನು ನಮ್ಮ ನಾಡಿನ ಮಾತು. ಕೆಂಪೇಗೌಡನು 1537ರಲ್ಲಿ ಬೆಂಗಳೂರಿಗೆ ಹಾಕಿಸಿದ ಕೋಟೆಯು ಮಣ್ಣಿನದು. ಅದನ್ನು ಕಲ್ಲಿನದಾಗಿ ಮಾಡಲಾರಂಭಿಸಿದವನು 1761ರಲ್ಲಿ ಹೈದರಾಲಿ. ಮಣ್ಣು ನಮಗೆ ಹೊಸದಲ್ಲ. ಅದರ ಮೇಲಣ ನಂಬಿಕೆಯು ಸಡಿಲವಾದುದೇ ಹೊಸದು. ಸುಟ್ಟ ಇಟ್ಟಿಗೆಯು ಮರ್ಯಾದೆಯ ಗುರುತಾಯಿತು, ಮಣ್ಣಿನ ಗೋಡೆಯು ಬಡತನದ ಗುರುತಾಯಿತು. ಇಟ್ಟಿಗೆಯ ಗೂಡು ಎಷ್ಟು ಸೌದೆಯನ್ನು ನುಂಗುವುದೆಂಬುದನ್ನು ಯಾರೂ ಎಣಿಸಲಿಲ್ಲ. ಎಣಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು. ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ಅಲ್ಲಿ ‘ಅಸ್ತ್ರ’ ಎಂಬ ಶಾಖೆಯು ಹುಟ್ಟಿತು. ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ಅದರ ಕೇಂದ್ರವೇರ್ಪಟ್ಟಿತು. ಕೆ. ಎಸ್. ಜಗದೀಶರೂ ಅವರ ಸಂಗಡಿಗರೂ ಕೈಯಿಂದ ಒತ್ತುವ ಯಂತ್ರವೊಂದನ್ನು ರೂಪಿಸಿ, ಮರಳು ಹೆಚ್ಚಾಗಿರುವ ಕೆಮ್ಮಣ್ಣಿಗೆ ನೂರಕ್ಕೆ ಏಳೆಂಟು ಪಾಲು ಸಿಮೆಂಟನ್ನು ಬೆರಸಿ, ಸುಡದೆಯೇ ಗಟ್ಟಿಯಾಗುವ ಇಟ್ಟಿಗೆಯನ್ನು ತಯಾರಿಸಿದರು. ಮೂರು ವಾರಗಳ ಕಾಲ ನೀರುಣಿಸಿದರೆ ಸಾಕು, ಸೌದೆ ಬೇಡ. ಲ್ವೋವನ ಚಿಂತೆಯೂ ಇವರ ಚಿಂತೆಯೂ ಒಂದೇ: ಕಾಡು ಉಳಿಯಬೇಕು, ಬಡವನಿಗೆ ಮನೆಯಾಗಬೇಕು.

ಈ ವಿದ್ಯೆಯೂ ಶಿಬಿರಗಳ ಮೂಲಕವೇ ಹರಡಿತು. ಮೇಸ್ತ್ರಿಯೂ ಇಂಜಿನಿಯರನೂ ಒಂದೇ ಅಂಗಳದಲ್ಲಿ ಕೈ ಕೆಸರು ಮಾಡಿಕೊಳ್ಳುವರು. ಗಾಜಿನ ಸೀಸೆಯಲ್ಲಿ ಮಣ್ಣನ್ನೂ ನೀರನ್ನೂ ಹಾಕಿ ಕುಲುಕಿಟ್ಟರೆ ಮರಳು ಮೊದಲು ತಳಕ್ಕಿಳಿಯುವುದು, ಜೇಡಿಯು ಕಡೆಯಲ್ಲಿ. ಯಾವುದು ಎಷ್ಟಿದೆಯೆಂದು ಕಣ್ಣಿಗೇ ಕಾಣುವುದು. ನೀರಿಗೆ ಉಬ್ಬಿ ಬಿಸಿಲಿಗೆ ಬಿರಿಯುವ ಎರೆಮಣ್ಣು ಏಕೆ ಒಗ್ಗದೆಂಬುದು ಒಂದು ದಿನದಲ್ಲಿ ಮನವರಿಕೆಯಾಗುವುದು. ಇಲ್ಲಿಗೆ ಬಂದವರು ಯಾರ ಅಪ್ಪಣೆಯಿಂದಲೂ ಬಂದವರಲ್ಲ. ತಮಗೆ ಮನೆ ಬೇಕೆಂದು, ಇಲ್ಲವೆ ತಮ್ಮ ಕಸುಬು ಬೆಳೆಯಬೇಕೆಂದು ಬಂದವರು. ನಾಡಿನಲ್ಲಿ ಇಂತಹ ಕಟ್ಟಡಗಳು ಸಾವಿರಾರು ಎದ್ದಿರುವುದಕ್ಕೆ ಇದೂ ಒಂದು ಕಾರಣವೆಂದು ನಾವು ಭಾವಿಸುತ್ತೇವೆ.

ಆದರೂ ನಿಶ್ಚಿಂತರಾಗಿರುವಂತಿಲ್ಲ. ಹುಲ್ಲು ಬೆರೆಸಿ ಮಣ್ಣು ಕಲಸಿ, ಒಂದು ವರಸೆ ಒಣಗಿದ ಮೇಲೆ ಮತ್ತೊಂದು ವರಸೆಯನ್ನಿಟ್ಟು ಗೋಡೆಯೆತ್ತುವುದನ್ನು ಬಲ್ಲ ಹಿರಿಯರು ಊರೂರುಗಳಲ್ಲಿ ಒಬ್ಬೊಬ್ಬರಾಗಿ ಕಡಮೆಯಾಗುತ್ತಿದ್ದಾರೆ. ಅವರ ಬಳಿ ಪುಸ್ತಕವಿಲ್ಲ, ಅವರೇ ಪುಸ್ತಕ. ನಿಕೋಲ್ಸ್ಕೊಯೆಯ ಶಾಲೆಯನ್ನು ದೊರೆಯೊಬ್ಬನು ಬೇಕಾಯಿತು ತೆರೆಯಲು. ನಮ್ಮೂರಿನ ಶಾಲೆಯನ್ನು ತೆರೆಯಲು, ಜಗಲಿಯ ಮೇಲೆ ಕುಳಿತಿರುವ ಅಜ್ಜನನ್ನು ಅಂಗಳಕ್ಕೆ ಕರೆದು ಮೊಮ್ಮಗನ ಕೈಗೆ ಒಂದು ಹಿಡಿ ಮಣ್ಣು ಕೊಡಿಸಿದರೆ ಸಾಕು.